ಯಾರ ಪೈಕಿ ಈ ನೀರು

ಹೊಳೆಗೆ ನೀರು ಬರುವ ಮೊದಲು ನೀರು ಬರುತ್ತಿದೆ ಎಂಬ ಸುದ್ದಿ ಬರಬೇಕು. ಸುದ್ದಿ ಬರುವ ತನಕ ನೀರು ಬಂದರೂ ಅದು ಬಂದಂತಲ್ಲ. ಇದು ಸರಕಾರದ ನಿಲುವು. ಈ ನಿಲುವನ್ನು ಜಾರಿಗೆ ತರುವುದಕ್ಕೆಂದೇ 2011ರ ಯುಗಾದಿಯ ಮುಂದೆ ಜಮಖಂಡಿಯಲ್ಲಿ ಹೊಳೆ ಸೂಚನಾ ಕೇಂದ್ರವೆಂಬ ಕಚೇರಿಯನ್ನು ತೆರೆಯಲಾಯಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಫೋನು ಇದ್ದವರೆಲ್ಲ ತಮ್ಮ ನಂಬರು ಬರೆಸಬೇಕು. ಮೇಲಿನಿಂದ ನೀರು ಬಿಟ್ಟ ಕೂಡಲೇ ಕಚೇರಿಯ ಕಂಪ್ಯೂಟರು ಅವರಿಗೆಲ್ಲ ತಾನೇ ಫೋನು ಮಾಡಿ ತಿಳಿಸಬೇಕು. ಅಣೆಕಟ್ಟುಗಳು ಬಂದ ಮೇಲೆ ಹೊಳೆಯು ಮಳೆಯ ಮಾತು ಕೇಳುವುದನ್ನು ಬಿಟ್ಟು ಗೇಟಿನ ಮಾತು ಕೇಳತೊಡಗಿದ್ದರಿಂದ ಇಂಥದೊಂದು ಕಚೇರಿ ಬೇಕೇ ಆಗಿತ್ತು.

ಪರಮೇಶ ಈ ಕಚೇರಿಯ ತಾಂತ್ರಿಕ ಸಹಾಯಕ. ಹುದ್ದೆ ಗುತ್ತಿಗೆಯದು. ಅವನ ಮನೆತನದವರು ಬೀರೇಶ್ವರನ ಒಕ್ಕಲು, ತಲೆತಲಾಂತರದ ಕುರಿಗಾರರು. ಕುರ್ಚಿಯ ಮೇಲೆ ಕೂತು ಸಂಬಳ ತರುವವರಲ್ಲಿ ಇವನೇ ಮೊದಲಿಗ. ಚಿಕ್ಕಂದಿನಲ್ಲಿ ತಾಯಿಯನ್ನು ಕಳೆದುಕೊಂಡ ಅವನನ್ನು ಸಾಕಿ, ಕುರಿ ಮಾರಿ ಡಿಪ್ಲೊಮಾ ಓದಿಸಿದವಳು ಸೋದರತ್ತೆ ಹೊಳೆವ್ವ. ಉದ್ಘಾಟನೆಯ ದಿನ ಅವಳು ರಬಕವಿಯ ಆಚೆಯ ದಂಡೆಯಿಂದ ಬಸ್ಸು ಹಿಡಿದು ಬಂದು, ದೊಡ್ಡವರು ದೀಪ ಹಚ್ಚುವ ಮೊದಲೇ ಕಂಪ್ಯೂಟರಿನ ಹಣೆಗೆ ಬೀರಪ್ಪನ ಭಂಡಾರದ ಅರಿಸಿನ ಪುಡಿ ಬಳಿದಿದ್ದಳು. ಅದರಲ್ಲಿ ಒಂದಿಷ್ಟು ಕೀಲಿಮಣೆಯ ಸಂದಿಯೊಳಗೆ ಇಳಿದುಹೋಯಿತು. ಪರಮೇಶ ಗಾಬರಿಯಿಂದ ಊದತೊಡಗಿದ.

"ಬಿಡಲೇ ಪರಮ್ಯಾ, ದೇವ್ರು ಒಳಗ ಹೊಕ್ಕಾನ," ಎಂದಳು ಹೊಳೆವ್ವ. "ಇನ್ನ ಕೆಡೂದಿಲ್ಲ ಅದು."

ಅದು ಕೆಡಲಿಲ್ಲ ಕೂಡ. ಕೆಟ್ಟದ್ದು ಆಮೇಲೆ, ಅದನ್ನು ಸುಧಾರಿಸಿದಾಗ.

ಕಂಪ್ಯೂಟರಿನ ಒಳಗೆ ಪರಮೇಶ ಎಂಟು ಆಳುಗಳನ್ನು ಇಟ್ಟಿದ್ದ. ಓದಿದವರು ಅವಕ್ಕೆ ಥ್ರೆಡ್ ಎನ್ನುತ್ತಾರೆ. ಅವು ಕಣ್ಣಿಗೆ ಕಾಣುವುದಿಲ್ಲ, ಉಣ್ಣುವುದಿಲ್ಲ, ಸಂಘ ಕಟ್ಟುವುದಿಲ್ಲ; ಆದರೂ ಆಳುಗಳೇ. ಒಂದು ಆಳು ಹೊಳೆವ್ವನಿಗೆ ಫೋನು ಹಚ್ಚುತ್ತದೆ. ಆ ಕಡೆ ಗಂಟೆ ಬಾರಿಸುತ್ತಿರುವಾಗ ಅದು ಬಾಯಿ ತೆರೆದುಕೊಂಡು ಕಾಯುತ್ತ ನಿಲ್ಲುವುದಿಲ್ಲ. ಆ ಕೆಲಸವನ್ನು ಅಲ್ಲಿಯೇ ಬಿಟ್ಟು ಮುಧೋಳದ ಇನ್ಯಾರಿಗೋ ಫೋನು ಹಚ್ಚುತ್ತದೆ. ಹೊಳೆವ್ವ ಫೋನು ಎತ್ತಿದಾಗ ಯಾವ ಆಳು ಖಾಲಿ ಇರುತ್ತದೋ ಅದು ಬಂದು ಮಾತು ಮುಂದುವರಿಸುತ್ತದೆ. ಮಹಾಲಿಂಗಪುರ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೂ ಹೀಗೆಯೇ: ಕೇಳಿಕೊಂಡು ಹೋದವನು ಒಬ್ಬ, ಚಹಾ ತಂದಿಡುವವನು ಇನ್ನೊಬ್ಬ. ಗಿರಾಕಿಗೆ ಚಹಾ ಮುಟ್ಟಿದರಾಯಿತು.

ಮೊದಲ ಮಳೆಗಾಲದಲ್ಲಿ ಸುದ್ದಿ ಚಕಚಕನೆ ಮುಟ್ಟಿತು. ಹೊಳೆವ್ವ ಮತ್ತು ಅವಳ ಮಗ ಮಾಳು ಆಗ ಹೊಳೆಯ ದಂಡೆಯ ತಗ್ಗಿನಲ್ಲಿ ಕುರಿ ಮೇಯಿಸುತ್ತಿದ್ದರು. ಮೇಲೆಲ್ಲ ಕಬ್ಬಾಗಿ, ಕುರಿಗೆ ಹುಲ್ಲೆಂದು ಉಳಿದದ್ದು ಅಣೆಕಟ್ಟಿನ ನೀರಿಗೆ ಹಳೆಯ ಊರು ಮುಳುಗಿದಾಗ ಅದರ ಜೊತೆ ಮುಳುಗಡೆಗೆ ಹೋದ ಆ ತಗ್ಗೊಂದೇ. ಹೊಳೆ ಇಳಿದಾಗ ಅಲ್ಲಿ ಹುಲ್ಲು ಚಿಗುರುತ್ತಿತ್ತು, ಹೊಳೆ ಏರಿದಾಗ ಹುಲ್ಲೂ ಇಲ್ಲ, ನೆಲವೂ ಇಲ್ಲ. ಫೋನು ಬಂದಾಗ ಹೊಳೆವ್ವ ರೊಟ್ಟಿ ತಿನ್ನುತ್ತಿದ್ದಳು. ಕೈಯಲ್ಲಿನ ರೊಟ್ಟಿ ಕೈಯಲ್ಲೇ ಹಿಡಿದು ಕುರಿಗಳನ್ನು ಒಡ್ಡಿನ ಮೇಲೆ ಹೊಡೆದುಕೊಂಡು ಹೋಗಿ, ಅಲ್ಲಿ ಕೂತು ಉಳಿದರ್ಧ ತಿಂದು ಮುಗಿಸಿದ ಮೇಲೆ ನೀರು ಬಂತು. ಪರಮೇಶನಿಗೆ ಆ ದಿನ ಆದಷ್ಟು ಹಿಗ್ಗು ಅವನ ಡಿಪ್ಲೊಮಾ ಫಲಿತಾಂಶ ಬಂದಾಗಲೂ ಆಗಿರಲಿಲ್ಲ.

ದೋಷ ಇದ್ದದ್ದು ದಾಖಲೆಯಲ್ಲಿ. ಮಾಡಿದ ಕೆಲಸಕ್ಕೆ ಪ್ರತಿಯೊಂದು ಆಳೂ ಒಂದು ಸಾಲು ಬರೆದಿಡಬೇಕು. ಯಾರ ಕೆಲಸ ಎಂಬುದು ಮರೆಯದಿರಲೆಂದು ಆಳಿನ ಜೇಬಿನಲ್ಲಿ ಒಂದು ಚೀಟಿ ಇರುತ್ತದೆ. ಹೊಳೆವ್ವನಿಗೆ ಫೋನು ಹಚ್ಚಿದ ಆಳಿನ ಜೇಬಿನಲ್ಲಿ ಹೊಳೆವ್ವನ ಚೀಟಿ. ಆದರೆ ಅವಳೊಡನೆ ಮಾತು ಮುಂದುವರಿಸಲು ಬಂದದ್ದು ಬೇರೆ ಆಳಾದರೆ ಅದರ ಜೇಬಿನಲ್ಲಿ ಇನ್ಯಾರದೋ ಹಳೆಯ ಚೀಟಿ. ಅದು ಆ ಚೀಟಿಯನ್ನು ನೋಡಿಯೇ ಸಾಲು ಬರೆಯುತ್ತದೆ. ಹೀಗಾಗಿ ಸುದ್ದಿ ಸರಿಯಾದವರಿಗೇ ಮುಟ್ಟುತ್ತಿತ್ತು. ಮುಟ್ಟಿಸಿಕೊಂಡ ಹೆಸರು ಮಾತ್ರ ಬೇರೆಯವರಿಗೆ ಹೋಗುತ್ತಿತ್ತು.

ತಪಾಸಣೆಗೆಂದು ಬಂದ ವೈಶಾಲಿ ಮೇಡಂ ಇದನ್ನು ಪತ್ತೆ ಹಚ್ಚಿದರು. ಅವರ ಕೆಲಸ ದಾಖಲೆ ಓದುವುದು. ಹೊಳೆಯನ್ನು ಅವರು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದರು. ಲೋಕಾಪುರದ ಧರೆಪ್ಪನೆಂಬ ಕಿರಾಣಿ ವ್ಯಾಪಾರಿ ತನ್ನ ಕುರಿಗಳನ್ನು ಒಡ್ಡಿನ ಮೇಲೆ ಸಾಗಿಸಿ ಪಾರಾಗಿದ್ದಾನೆಂದು ದಾಖಲೆ ಹೇಳುತ್ತಿತ್ತು.

"ಧರೆಪ್ಪಗ ಕುರಿ ಅದಾವೇನ್ರೀ?" ಎಂದು ಮೇಡಂ ಕೇಳಿದರು.

"ಇರಬೇಕ್ರಿ ಮೇಡಂ," ಎಂದರು ಕೇಂದ್ರದ ಅಧಿಕಾರಿ ಅಪ್ಪಾಸಾಬರು. "ದಾಖಲೆದಾಗ ಅದಾವಲ್ಲ."

ಧರೆಪ್ಪನಿಗೆ ಕುರಿಗಳಿರಲಿಲ್ಲ. ಬೆಕ್ಕು ಒಂದಿತ್ತು. ಮೇಡಂ ಆಕ್ಷೇಪಣೆ ಬರೆದರು: ಇಲ್ಲಿ ಯಾವ ಸಾಲು ಯಾರದೆಂಬುದು ತಿಳಿಯುವುದಿಲ್ಲ, ಕೂಡಲೇ ಸರಿಪಡಿಸತಕ್ಕದ್ದು.

ಪರಮೇಶನ ಬಳಿ ಉಪಾಯವಿತ್ತು. ಚೀಟಿಯನ್ನು ಆಳಿನ ಜೇಬಿನಲ್ಲಿ ಇಡುವುದೇ ಬೇಡ. ಸುದ್ದಿಗೇ ಒಂದು ಸಣ್ಣ ನಂಬರು ಅಂಟಿಸಿಬಿಟ್ಟರೆ, ಅದು ಯಾವ ಆಳಿನ ಕೈಗೆ ಹೋದರೂ ನಂಬರು ಜೊತೆಗೇ ಹೋಗುತ್ತದೆ. ಆಳು ನಂಬರು ನೋಡಿ ಒಂದು ಸಾಲು ಗೀಚಿ ಮುಂದಿನ ಕೆಲಸಕ್ಕೆ ಓಡುತ್ತದೆ. ಒಂದು ಸಂಜೆಯ ಕೆಲಸ.

"ನಂಬರ್?" ಎಂದು ಅಪ್ಪಾಸಾಬರು ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ದಾಟಿಸಿದರು. "ಏ ಪರಮೇಶ, ನಂಬರ್ ನೋಡಿದ್ರ ಮನಶ್ಯಾ ಯಾರ ಪೈಕಿ ಅಂತ ತಿಳೀತೈತೇನು?"

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಸೀಮೆಯಲ್ಲಿ ಹೊಸಬರನ್ನು ಹೆಸರು ಕೇಳಿ ಸುಮ್ಮನಾಗುವ ಪದ್ಧತಿಯಿಲ್ಲ. ಯಾವೂರು, ಯಾರ ಪೈಕಿ ಎಂದು ಕೇಳುತ್ತಾರೆ. ಯಾರ ಮಗ, ಯಾರ ಅಳಿಯ, ಯಾವ ಮನೆತನ, ಯಾವ ದೇವರ ಒಕ್ಕಲು ಎಂಬುದೆಲ್ಲ ಇತ್ಯರ್ಥವಾದ ಮೇಲೆಯೇ ಬಂದ ಕೆಲಸದ ಮಾತು. ಬಸ್ಸಿನಲ್ಲಿ ಅರ್ಧ ಸೀಟು ಬಿಡಿಸಿಕೊಳ್ಳುವುದಕ್ಕೂ ಇದು ಬೇಕು, ಹೆಣ್ಣು ಕೊಡುವುದಕ್ಕೂ ಬೇಕು. ಇದರಲ್ಲಿ ಕೆಟ್ಟದ್ದೇನಿಲ್ಲ, ಕೇಳುವವರಿಗೂ ಹೇಳುವವರಿಗೂ ಪುರಸೊತ್ತು ಇರಬೇಕು, ಅಷ್ಟೆ. ಅಪ್ಪಾಸಾಬರಿಗೆ ಯಾವತ್ತೂ ಪುರಸೊತ್ತು ಇರುತ್ತಿತ್ತು. ಈ ಪದ್ಧತಿಯನ್ನು ಕಂಪ್ಯೂಟರಿನೊಳಗಿನ ಆಳುಗಳಿಗೂ ಕಲಿಸಿದ ಮೊದಲ ಅಧಿಕಾರಿ ಅವರೇ. ಎರಡನೆಯವರು ಇದುವರೆಗೆ ಸಿಕ್ಕಿಲ್ಲ.

ವಾರದೊಳಗೆ ಸುತ್ತೋಲೆ ಹೊರಟಿತು.

"ವಿಷಯ: ಸಂದೇಶಗಳ ಪೈಕಿ ನಿಗದಿಪಡಿಸುವ ಕುರಿತು.

ಪೈಕಿ ಗೊತ್ತಿಲ್ಲದ ಯಾವುದೇ ಸಂದೇಶವನ್ನು ಸಂದೇಶವೆಂದು ಪರಿಗಣಿಸತಕ್ಕದ್ದಲ್ಲ. ಪೈಕಿ ಎಂದರೆ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆತನ, ಮುಳುಗಿದ ಊರು, ಅದರ ಬದಲಿಗೆ ಮಂಜೂರಾದ ಊರು, ತಾಲೂಕು, ಮನೆದೇವರು ಹಾಗೂ ಅಧಿಕಾರಿಗಳು ಕಾಲಕಾಲಕ್ಕೆ ಸೇರಿಸಬಹುದಾದ ಇತರ ಸಂಗತಿಗಳು ಎಂದು ತಿಳಿಯತಕ್ಕದ್ದು. ಸಂದೇಶವು ಒಂದು ಆಳಿನಿಂದ ಇನ್ನೊಂದು ಆಳಿಗೆ ಹೋಗುವಾಗಲೆಲ್ಲ, ಪಡೆಯುವ ಆಳು ತನ್ನ ಜೇಬಿನ ಹಳೆಯ ಚೀಟಿಯನ್ನು ಹೊರತೆಗೆದು, ಮಡಿಚಿ, ಬದಿಗಿಟ್ಟು, ಹೊಸ ಪೈಕಿಯನ್ನು ಪೂರ್ತಿ ನಕಲು ಮಾಡಿಕೊಂಡು, ಕೆಲಸ ಮುಗಿದ ಮೇಲೆ ಹಳೆಯ ಚೀಟಿಯನ್ನು ಯಥಾಸ್ಥಾನದಲ್ಲಿ ಇಡತಕ್ಕದ್ದು. ಇವುಗಳಲ್ಲಿ ಪ್ರತಿಯೊಂದಕ್ಕೂ ಪೂರ್ಣ ಪೈಕಿಯೊಂದಿಗೆ ಪ್ರತ್ಯೇಕ ಸಾಲು ಬರೆಯತಕ್ಕದ್ದು. ಪೈಕಿಯನ್ನು ಫಲಾನುಭವಿಯ ಬಾಯಿಂದಲೇ ಖಚಿತಪಡಿಸಿಕೊಂಡ ನಂತರ ಮಾತ್ರ ವಿಷಯ ತಿಳಿಸತಕ್ಕದ್ದು. ಸಿಬ್ಬಂದಿಯು ತನ್ನ ಸ್ವಂತ ಪೈಕಿಯವರಿಗೆ ಖಾಸಗಿಯಾಗಿ ಮುಂಚಿತ ಸುದ್ದಿ ಕೊಡುವುದು ಸ್ವಜನಪಕ್ಷಪಾತವೆನಿಸುತ್ತದೆ."

ಖಚಿತಪಡಿಸಿಕೊಳ್ಳುವುದಕ್ಕೆ ಫೋನಿನಲ್ಲಿ ಕೇಳಿಸಲು ರೆಕಾರ್ಡು ಮಾಡಿದ ಒಂದು ದನಿ ಬೇಕಾಯಿತು. ಅಪ್ಪಾಸಾಬರ ಮಗಳು ಪೂನಮ್ ಆಯ್ಕೆಯಾದಳು. ಆಯ್ಕೆ ಪಾರದರ್ಶಕವಾಗಿ ನಡೆಯಿತು. ಅರ್ಜಿ ಹಾಕಿದವಳು ಅವಳೊಬ್ಬಳೇ. ಬರೆದ ಸಾಲುಗಳನ್ನೆಲ್ಲ ತುಂಬಿಡಲು ಹಾರ್ಡ್ ಡಿಸ್ಕುಗಳು ಬೇಕಾದವು. ಅವನ್ನು ಪಂಪ್‌ಸೆಟ್ ಮಾರುವ ಒಂದು ಅಂಗಡಿಯಿಂದ ಕೊಳ್ಳಲಾಯಿತು. ಅಂಗಡಿ ಸಾಹೇಬರ ಹೆಂಡತಿಯ ತಮ್ಮನದಾಗಿದ್ದುದು ಕಾಕತಾಳೀಯ. ಹೊಸ ಡಿಸ್ಕು ತುಂಬಿದಂತೆಲ್ಲ ಮತ್ತೊಂದು ಬರುತ್ತಿತ್ತು, ಮತ್ತು ಅವು ಬಹಳ ಬೇಗ ತುಂಬುತ್ತಿದ್ದವು.

ಪರಮೇಶ ಒಮ್ಮೆ ಬಾಯಿ ಬಿಟ್ಟ. ಒಮ್ಮೆ ಮಾತ್ರ.

"ಸಾಹೇಬ್ರ, ಆಳು ಚೀಟಿ ಬರಕೋಂತ ಕುಂತ್ರ ಫೋನ್ ಹಚ್ಚೂದು ಯಾವಾಗ್ರಿ? ಮೊದ್ಲು ಕಣ್ ಮುಚ್ಚಿ ತೆಗಿಯೂದ್ರಾಗ ಆಗ್ತಿತ್ತು. ಇನ್ನ ಹೊತ್ತು ಮುಳುಗಿದ್ರೂ ಆಗೂದಿಲ್ಲ."

"ನೋಡಪಾ," ಎಂದು ಅಪ್ಪಾಸಾಬರು ಪ್ರೀತಿಯಿಂದಲೇ ಹೇಳಿದರು. ಅವರು ಕೆಟ್ಟ ಮನುಷ್ಯರಲ್ಲ. ಯಾರ ಮೇಲೂ ರೇಗಿದವರಲ್ಲ. "ಕೆಲಸ ಆತೇನು ಅಂತ ಯಾರೂ ಕೇಳೂದಿಲ್ಲ. ಆತು ಅಂತ ಬರದೀರೇನು ಅಂತ ಕೇಳ್ತಾರ. ನಿನ್ನ ಖಾಯಂ ಮಾಡೂ ಫೈಲ್ ನನ್ನ ಟೇಬಲ್ ಮ್ಯಾಲ ಐತಿ. ಅದರಾಗೂ ಏನೇನ್ ಬರೀಬೇಕು ಅಂತ ವಿಚಾರ ಮಾಡಾಕತ್ತೇನಿ."

ಪರಮೇಶ ತಲೆ ತಗ್ಗಿಸಿ ಹೋಗಿ ಸುತ್ತೋಲೆಯಂತೆ ಎಲ್ಲವನ್ನೂ ಮಾಡಿಕೊಟ್ಟ. ಚೆನ್ನಾಗಿಯೇ ಮಾಡಿದ, ಆ ಕೆಲಸದಲ್ಲಿ ಅವನ ಕೈ ಪಳಗಿತ್ತು. ಆಳುಗಳು ಚೀಟಿ ತೆಗೆದವು, ಮಡಿಚಿದವು, ಬದಿಗಿಟ್ಟವು, ನಕಲು ಮಾಡಿದವು, ಬರೆದವು, ಮತ್ತೆ ಇಟ್ಟವು, ಇಟ್ಟದ್ದನ್ನು ಬರೆದವು. ಕಚೇರಿಯ ಕಾರ್ಯಕ್ಷಮತೆಯನ್ನು ದಿನಕ್ಕೆ ಎಷ್ಟು ಸಾಲು ಬರೆಯಲಾಯಿತೆಂಬುದರಿಂದ ಅಳೆಯಬೇಕೆಂದು ಸಾಹೇಬರು ನಿಗದಿಪಡಿಸಿದ್ದರಿಂದ, ಕಾರ್ಯಕ್ಷಮತೆ ಹಿಂದೆಂದೂ ಇಲ್ಲದಷ್ಟು ಏರಿತು. ಆ ಬೇಸಿಗೆಯಲ್ಲಿ ಹೊಳೆಗೆ ನೀರೇ ಬರಲಿಲ್ಲ. ಆದ್ದರಿಂದ ಹೊಸ ವ್ಯವಸ್ಥೆಯಲ್ಲಿ ಯಾವ ಲೋಪವೂ ಕಂಡುಬರಲಿಲ್ಲ.

ಮುಂದಿನ ಶ್ರಾವಣ ಬಂತು. ಹೊಳೆ ಒಮ್ಮೆ ಏರಿ ಇಳಿದಿತ್ತು. ತಗ್ಗಿನಲ್ಲಿ ಹುಲ್ಲು ಹಸಿರಾಗಿತ್ತು. ಹೊಳೆವ್ವ ಮತ್ತು ಮಾಳು ಕುರಿಗಳನ್ನು ಇಳಿಸಿದ್ದರು. "ಅತ್ತಿ, ಹುಷಾರ್ ಬೇ," ಎಂದು ಪರಮೇಶ ಫೋನು ಮಾಡಿ ಹೇಳಿದ್ದ. "ನಿನ್ನ ಕಂಪ್ಯೂಟರ್ ಐತೆಲ್ಲೋ ತಮ್ಮಾ, ನನಗ್ಯಾತರ ಹುಷಾರಿ," ಎಂದು ಅವಳು ನಕ್ಕಿದ್ದಳು. ಆ ನಗು ಕೇಳಿ ಪರಮೇಶ ಸುತ್ತೋಲೆಯ ಮಾತು ಎತ್ತದೆ ಫೋನು ಇಟ್ಟಿದ್ದ.

ನೀರು ಬಿಟ್ಟ ಸುದ್ದಿ ಬಂದದ್ದು ಒಂದು ಮಧ್ಯಾಹ್ನ, ವೈಶಾಲಿ ಮೇಡಂ ಮರುತಪಾಸಣೆಗೆ ಬಂದು ಕೂತಿದ್ದಾಗ. ಸಾಹೇಬರಿಗೆ ಇದು ದೈವದ ಏರ್ಪಾಡಿನಂತೆಯೇ ಕಂಡಿತು. ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ಮೇಡಂ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಗಟ್ಟಿಯಾಗಿ ಓದಿದರು.

"ಹೊಳೆವ್ವ, ಗಂಡ ದಿವಂಗತ ಯಮನಪ್ಪ, ಮುಳುಗಿದ ಊರು ಹಳೇದು, ಮಂಜೂರಾದ ಊರು ಹೊಸದು, ಮನೆದೇವರು ಬೀರೇಶ್ವರ, ಫೋನು ಮಗನದು: ಚೀಟಿ ಪಡೆಯಲಾಗಿದೆ.

ಹೊಳೆವ್ವ, ಗಂಡ ದಿವಂಗತ ಯಮನಪ್ಪ, ಮುಳುಗಿದ ಊರು ಹಳೇದು, ಮಂಜೂರಾದ ಊರು ಹೊಸದು, ಮನೆದೇವರು ಬೀರೇಶ್ವರ, ಫೋನು ಮಗನದು: ಚೀಟಿ ಜೇಬಿಗೆ ಇಡಲಾಗಿದೆ.

ಹೊಳೆವ್ವ, ಗಂಡ ದಿವಂಗತ ಯಮನಪ್ಪ, ಮುಳುಗಿದ ಊರು ಹಳೇದು, ಮಂಜೂರಾದ ಊರು ಹೊಸದು, ಮನೆದೇವರು ಬೀರೇಶ್ವರ, ಫೋನು ಮಗನದು: ಜೇಬು ಪರಿಶೀಲಿಸಲಾಗಿದೆ."

"ಎಷ್ಟ್ ಸ್ವಚ್ಛ ಅದಾವ್ರಿ ಸಾಲು," ಎಂದರು ಮೇಡಂ. ಅವರ ಕಣ್ಣು ನಿಜಕ್ಕೂ ತುಂಬಿಬಂದಿತ್ತು. "ಹೋದ ಸಲ ನೋಡಿದ್ದಕ್ಕೂ ಇದಕ್ಕೂ ಅಜಗಜಾಂತರ."

ಪರಮೇಶ ಆ ಸಾಲುಗಳಲ್ಲಿ ಒಂದನ್ನು ಹುಡುಕುತ್ತಿದ್ದ: 'ನೀರು ಬರುತ್ತಿದೆ ಎಂದು ತಿಳಿಸಲಾಗಿದೆ' ಎಂಬ ಸಾಲು. ಅದು ಬರಲಿಲ್ಲ. ಎಂಟೂ ಆಳುಗಳು ಜೇಬು ನೋಡಿಕೊಳ್ಳುತ್ತಿದ್ದವು. ಅವನು ಕುರ್ಚಿ ಬಿಟ್ಟೆದ್ದ. ಚಹಾ ಹೇಳಿಬರುತ್ತೇನೆಂದು ಹೊರಗೆ ಬಂದು, ಬೇವಿನ ಗಿಡದ ಕೆಳಗೆ ನಿಂತು, ಸುತ್ತೋಲೆಯನ್ನು ಗಾಳಿಗೆ ತೂರಿ ಮಾಳುವಿನ ನಂಬರಿಗೆ ಹಚ್ಚಿದ.

ನಂಬರು ಕಾರ್ಯನಿರತವಾಗಿತ್ತು. ಮತ್ತೆ ಹಚ್ಚಿದ. ಕಾರ್ಯನಿರತ. ಆ ತಗ್ಗಿನಲ್ಲಿ ಇದ್ದದ್ದು ಅದೊಂದೇ ಫೋನು, ಆ ಫೋನಿನಲ್ಲಿ ಈಗ ಮಾತಾಡುತ್ತಿದ್ದದ್ದು ತಾನೇ ಕಟ್ಟಿದ ಕಂಪ್ಯೂಟರು ಎಂಬುದು ಪರಮೇಶನಿಗೆ ಆಗ ಹೊಳೆಯಿತು. ಒಳಗೆ ಓಡಿಹೋಗಿ ಯಂತ್ರದ ವಾಯರು ಕಿತ್ತೊಗೆಯಬಹುದಾಗಿತ್ತು. ಬಾಗಿಲ ತನಕ ಹೋದ. ಒಳಗೆ ಸಾಹೇಬರು ಮೇಡಂಗೆ ಹೇಳುತ್ತಿದ್ದರು: "ಹುಡುಗ ಛಲೋ ಅದಾನ್ರಿ. ಈ ತಿಂಗಳ ಖಾಯಂ ಮಾಡಿಬಿಡ್ತೀನಿ." ಪರಮೇಶ ಬಾಗಿಲಲ್ಲಿ ನಿಂತ. ಆಮೇಲೆ ಹೋಗಿ ಚಹಾ ಹೇಳಿಬಂದ.

ಸಂಜೆಗೆ ಮಾಳುವೇ ಫೋನು ಮಾಡಿದ.

"ಭಾವಾ, ನಿಮ್ಮ ಆಫೀಸಿನ ಹುಡುಗಿ ಫೋನ್ ಮಾಡಿದ್ಲು," ಎಂದ. "ಅಪ್ಪನ ಹೆಸರ ಕೇಳಿದ್ಲು, ಹೇಳಿದ್ನಿ. ಖರೆ ಇದ್ರ ಒಂದ ಒತ್ತು ಅಂದ್ಲು, ಒತ್ತಿದ್ನಿ. ಊರು ಕೇಳಿದ್ಲು. ಮುಳುಗಿದ್ದ ಹೇಳ್ಲೋ, ಕೊಟ್ಟಿದ್ದ ಹೇಳ್ಲೋ ಅಂತ ನಾನೂ ಕೇಳಿದ್ನಿ. ಮತ್ತ ಮೊದಲಿಂದ ಚಾಲೂ ಮಾಡಿದ್ಲು."

"ನೀರು ಕಾಣಲಿಲ್ಲೇನಲೇ?"

"ಕಂಡ್ತು. ಸರಕಾರದ ಫೋನು, ನಡುವ ಹ್ಯಾಂಗ ಇಡೂದು ಅಂತ ನಿಂತ್ನಿ. ಅವ್ವ ಚೀರಿದ್ಲು. ಅಷ್ಟ್ರಾಗ ಸೊಂಟದ ಮಟ ಬಂದಿತ್ತು ಭಾವಾ. ಅರ್ಧಾ ಕುರಿ ಹೋದುವು. ಬೀರಪ್ಪಗ ಬಿಟ್ಟಿದ್ದ ಟಗರೂ ಹೋತು. ಅವ್ವ ಅದರ ಕೋಡ ಹಿಡ್ದಿದ್ಲು. ಬಿಡವಲ್ಲಳು. ನಾನ ಕೈ ಬಿಡಿಸಿದ್ನಿ."

ಮಾಳು ಅತ್ತ. ಪರಮೇಶನೂ ಅತ್ತ, ಕಚೇರಿಯ ಹಿಂದಿನ ನೀರಿನ ಟಾಕಿಯ ಮರೆಯಲ್ಲಿ, ಯಾರಿಗೂ ಕಾಣದ ಹಾಗೆ.

ಸೂಚನೆಯು ಮರುದಿನ ಬೆಳಿಗ್ಗೆ ಯಶಸ್ವಿಯಾಗಿ ಮುಟ್ಟಿತು. ಹೊಳೆವ್ವ ಒಡ್ಡಿನ ಮೇಲೆ ಕಂಬಳಿ ಒಣಹಾಕುತ್ತಿದ್ದಳು. ಫೋನು ಬಂತು. "ನೀರು ಬರಲಿದೆ. ದಯವಿಟ್ಟು ಎತ್ತರದ ಸ್ಥಳಕ್ಕೆ ತೆರಳಿ. ತೆರಳಿದ್ದರೆ ಒಂದನ್ನು ಒತ್ತಿ," ಎಂದಳು ಪೂನಮ್. ಹೊಳೆವ್ವ ಎತ್ತರದ ಸ್ಥಳದಲ್ಲೇ ಇದ್ದಳು. ಒತ್ತಿದಳು. ಫಲಾನುಭವಿ ಸುರಕ್ಷಿತ ಎಂಬ ಸಾಲು, ಪೂರ್ಣ ಪೈಕಿಯೊಂದಿಗೆ, ದಾಖಲೆಗೆ ಸೇರಿತು.

ವಿಚಾರಣೆ ನಡೆಯಿತು. ದಾಖಲೆಯಲ್ಲಿ ಒಂದೇ ಒಂದು ಸಾಲಿನ ಪೈಕಿಯೂ ತಪ್ಪಿರಲಿಲ್ಲವಾದ್ದರಿಂದ ಕಚೇರಿಯ ಕಡೆಯಿಂದ ಯಾವ ತಪ್ಪೂ ಆಗಿಲ್ಲವೆಂದು ತೀರ್ಮಾನವಾಯಿತು. ಹೊಳೆಯ ಕಡೆಯಿಂದ ಆತುರವಾಗಿದೆ ಎಂದು ಷರಾ ಬರೆಯಲಾಯಿತು. ಆದರೂ ಮಾನವೀಯತೆಯ ದೃಷ್ಟಿಯಿಂದ ಪರಿಹಾರ ಕೊಡಬಹುದೆಂದಾಗಿ, ಹೊಳೆವ್ವನನ್ನು ಕಚೇರಿಗೆ ಕರೆಸಿದರು. ಅವಳು ಕಂಪ್ಯೂಟರಿನತ್ತ ನೋಡಲಿಲ್ಲ. ಪರಮೇಶನತ್ತಲೂ ನೋಡಲಿಲ್ಲ.

"ಸತ್ತಾವಲ್ಲ, ಆ ಕುರಿ ಯಾರ ಪೈಕಿ?" ಎಂದು ಅಪ್ಪಾಸಾಬರು ಪೆನ್ನು ತೆರೆದರು.

"ನಿಮ್ಮಪ್ಪನ ಪೈಕಿ," ಎಂದಳು ಹೊಳೆವ್ವ.

ಆ ವಿವರವನ್ನು ಹೇಳಿದ ಹಾಗೆಯೇ ನಮೂದಿಸಿಕೊಳ್ಳಲಾಯಿತು. ಫಲಾನುಭವಿಯ ಬಾಯಿಂದಲೇ ಖಚಿತವಾದ ಪೈಕಿಯನ್ನು ತಿದ್ದಲು ನಿಯಮದಲ್ಲಿ ಅವಕಾಶವಿರಲಿಲ್ಲ. ಕಡತ ಮೇಲೆ ಹೋಯಿತು, ಕೆಳಗೆ ಬಂತು. ಕುರಿಗಳು ಅಪ್ಪಾಸಾಬರ ದಿವಂಗತ ತಂದೆಯ ಪೈಕಿ ಎಂದಿದ್ದುದರಿಂದ ಪರಿಹಾರದ ಚೆಕ್ಕು ಅವರ ವಾರಸುದಾರರಾದ ಅಪ್ಪಾಸಾಬರ ಹೆಸರಿಗೆ ಬಂತು. ಅವರು ಬಹಳ ಸಂಕೋಚಪಟ್ಟರು. ತಂದೆಗೆ ಕುರಿಗಳಿದ್ದುದು ತಮಗೇ ಗೊತ್ತಿರಲಿಲ್ಲವೆಂದು ಎಲ್ಲರೆದುರು ಹೇಳಿದರು. ಆದರೆ ಸರಕಾರಿ ಹಣವನ್ನು ಬೇಡವೆನ್ನುವುದು ಶಿಸ್ತಿಗೆ ವಿರುದ್ಧವಾದ್ದರಿಂದ ಸ್ವೀಕರಿಸಬೇಕಾಯಿತು.

ಅದೇ ವಾರ ಪರಮೇಶನಿಗೆ ಖಾಯಂ ಆದೇಶ ಸಿಕ್ಕಿತು.

ಅವನು ಮಹಾಲಿಂಗಪುರದಲ್ಲಿ ಇಳಿದು ಪೇಢೆ ಕಟ್ಟಿಸಿಕೊಂಡು ಹೊಳೆಯ ದಂಡೆಗೆ ಹೋದ. ಒಡ್ಡಿನ ಮೇಲೆ ಹೊಳೆವ್ವ ಉಣ್ಣೆ ಹಿಂಜುತ್ತ ಕೂತಿದ್ದಳು. ದಡ್ಡಿಯೊಳಗೆ ಕುರಿಗಳು ವಿರಳವಾಗಿ ನಿಂತಿದ್ದವು. ಅಷ್ಟು ಜಾಗವಿದ್ದರೂ ಅವು ಒಂದೇ ಮೂಲೆಗೆ ಒತ್ತಿಕೊಂಡಿದ್ದವು. ಪರಮೇಶ ಪೊಟ್ಟಣ ಬಿಚ್ಚಿ ಅವಳ ಮುಂದೆ ಹಿಡಿದ.

"ಖಾಯಂ ಆತು ಬೇ ಅತ್ತಿ."

ಹೊಳೆವ್ವ ಪೇಢೆ ನೋಡಿದಳು. ಆಮೇಲೆ ಅವನ ಮುಖವನ್ನು, ಹಾದಿಯಲ್ಲಿ ಹೋಗುವವರನ್ನು ನೋಡುವ ಹಾಗೆ, ಮೇಲಿಂದ ಕೆಳಗೆ ನೋಡಿದಳು.

"ಯಾವೂರಪಾ ನಿಂದು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರ ಪೈಕಿ ನೀ?"

ಹುಟ್ಟಿದಾಗಿನಿಂದ ಯಾರು ಕೇಳಿದರೂ ಪರಮೇಶ ಈ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟಿದ್ದ; ಹೊಳೆವ್ವನ ಅಳಿಯ ಎಂದರೆ ಹೊಳೆಯ ಎರಡೂ ದಂಡೆಯಲ್ಲಿ ರೊಟ್ಟಿ ಸಿಗುತ್ತಿತ್ತು. ಈಗ ಅವನು ಪೊಟ್ಟಣವನ್ನು ಮತ್ತೆ ಕಟ್ಟಿದ. ಪೇಢೆಯನ್ನು ಕಲ್ಲಿನ ಮೇಲಿಟ್ಟು ಬಸ್ಸಿಗೆ ಬಂದ. ಆ ರಾತ್ರಿಯಿಂದ ಅವನಿಗೆ ಊಟ ರುಚಿಸಲಿಲ್ಲ. ಕಚೇರಿಯಲ್ಲಿ ಮಾತ್ರ ಇನ್ನಷ್ಟು ಅಚ್ಚುಕಟ್ಟಾದ.

ಮರುವರ್ಷ ಹೊಳೆ ಸೂಚನಾ ಕೇಂದ್ರಕ್ಕೆ ಉತ್ತಮ ದಾಖಲೆಯ ಪ್ರಶಸ್ತಿ ಘೋಷಣೆಯಾಯಿತು. ಪ್ರಶಸ್ತಿಪತ್ರದ ಜೊತೆಗೆ ಅಚ್ಚು ಹಾಕಿಸಲು, ಅಧಿಕಾರಿಯು ಹೊಳೆಯ ಹಿನ್ನೆಲೆಯಲ್ಲಿ ನಿಂತ ಒಂದು ಫೋಟೊ ಬೇಕಿತ್ತು. ಹಸಿರು ಚೆನ್ನಾಗಿ ಬರುತ್ತದೆಂದು ಅಪ್ಪಾಸಾಬರು ಅದೇ ತಗ್ಗನ್ನು ಆರಿಸಿದರು. ರಬಕವಿಯ ರೇಷ್ಮೆ ಪಟಗವನ್ನು ತಲೆಗೆ ಸುತ್ತಿಕೊಂಡು, ಹೊಳೆಗೆ ಬೆನ್ನು ಮಾಡಿ, ಎದೆಯ ಮೇಲೆ ಫಲಕ ಹಿಡಿದು ನಿಂತರು. ಪರಮೇಶ ಅವರಿಗಿಂತ ನಾಲ್ಕು ಮಾರು ಮೇಲೆ, ಏರಿನಲ್ಲಿ, ಅವರ ಚೀಲ ಹಿಡಿದು ನಿಂತಿದ್ದ. ಅವನ ಹಿಂದೆ ಒಡ್ಡಿನ ಮೇಲೆ ಹೊಳೆವ್ವ ಮತ್ತು ಮಾಳು ಕುರಿಗಳೊಂದಿಗೆ ಇದ್ದರು. ಅವರು ಈಗ ತಗ್ಗಿಗೆ ಇಳಿಯುತ್ತಿರಲಿಲ್ಲ.

ಕಂಪ್ಯೂಟರು ಆಗ ಜಮಖಂಡಿಯಲ್ಲಿ ಯಾರ ಪೈಕಿಯನ್ನೋ ನಕಲು ಮಾಡುತ್ತಿತ್ತು. ನೀರು ಸಾಹೇಬರ ಬೆನ್ನ ಹಿಂದಿನ ಜೊಂಡಿನೊಳಗೆ ಸದ್ದಿಲ್ಲದೆ ನುಗ್ಗಿದ್ದನ್ನು ಪರಮೇಶ ನೋಡಿದ. ಫೋಟೊಗ್ರಾಫರನೂ ನೋಡಿದ; ಅವನು ಸರಕಾರಿ ನೌಕರನಲ್ಲವಾದ್ದರಿಂದ ಕ್ಯಾಮೆರಾ ಎತ್ತಿಕೊಂಡು ಓಡಿದ.

"ಸಾಹೇಬ್ರ," ಎಂದ ಪರಮೇಶ.

"ಏನದು?"

ಪರಮೇಶ ಚೀಲ ಕೆಳಗಿಟ್ಟು, ಕೈಕಟ್ಟಿ ನೆಟ್ಟಗೆ ನಿಂತ. "ತಮಗೊಂದು ಸಂದೇಶ ಐತ್ರಿ. ಹೇಳಾಂವ ಪರಮೇಶ. ತಂದಿ ಸಾತಪ್ಪ. ಕುರಿಗಾರ ಮನೆತನ. ಮನೆದೇವ್ರು ಬೀರೇಶ್ವರ. ಮುಳುಗಿದ ಊರು ಹಳೇದು, ಮಂಜೂರಾದ ಊರು ಹೊಸದು." ಇಲ್ಲಿ ಅವನು ದನಿ ಏರಿಸಿದ, ಒಡ್ಡಿನ ಮೇಲಿದ್ದವರಿಗೂ ಕೇಳುವ ಹಾಗೆ. "ಹೊಳೆವ್ವನ ಪೈಕಿ."

ಒಡ್ಡಿನ ಮೇಲೆ ಉಣ್ಣೆ ಹಿಂಜುತ್ತಿದ್ದ ಹೊಳೆವ್ವನ ಕೈ ನಿಂತಿತು.

ಅಪ್ಪಾಸಾಬರ ಚಪ್ಪಲಿ ತೊಯ್ದಿತು. ಅವರು ಅದನ್ನು ಗಮನಿಸಿದರು, ಆದರೆ ಕೇಳುವುದನ್ನು ನಿಲ್ಲಿಸಲಿಲ್ಲ. ನಿಯಮವನ್ನು ಬರೆದವರು ಅವರೇ.

"ತಾಲೂಕು ಬಿಟ್ಟೆಲ್ಲ," ಎಂದರು. "ಮೊದಲಿಂದ ಹೇಳು."

ಪರಮೇಶ ಮೊದಲಿನಿಂದ ಹೇಳತೊಡಗಿದ. ನಿಧಾನವಾಗಿ, ಸ್ಪಷ್ಟವಾಗಿ, ಒಂದು ವಿವರವನ್ನೂ ಬಿಡದೆ. ನೀರು ಸಾಹೇಬರ ಮೊಣಕಾಲು ಮುಟ್ಟಿತು. ಒಡ್ಡಿನ ಮೇಲೆ ಮಾಳು ಹಗ್ಗದ ಸುರುಳಿ ಎತ್ತಿಕೊಂಡು ಎದ್ದ. ಹೊಳೆವ್ವ ಅವನ ರಟ್ಟೆ ಹಿಡಿದಳು.

"ತಡೀಲೇ," ಎಂದಳು. "ನನ್ನ ಅಳಿಯಾ ಹೇಳಿ ಮುಗಸ್ಲಿ."

ತಾಲೂಕು ಬಂತು, ಮನೆದೇವರು ಬಂತು, ಪೈಕಿ ಬಂತು. ನೀರು ಸೊಂಟಕ್ಕೆ ಬಂತು. ಅಪ್ಪಾಸಾಬರು ಫಲಕವನ್ನು ತಲೆಯ ಮೇಲೆ ಎತ್ತಿ ಹಿಡಿದು, ತೃಪ್ತಿಯಿಂದ ತಲೆದೂಗಿದರು.

"ಈಗ ಬರೋಬ್ಬರಿ ಆತು ನೋಡು. ಇನ್ನ ವಿಷಯಾ ಏನು ಹೇಳು."

"ವಿಷಯಾ ತಮಗ ಮುಟ್ಟೇತ್ರಿ ಸಾಹೇಬ್ರ," ಎಂದ ಪರಮೇಶ.

ಆಗ ಹೊಳೆವ್ವ ಮಾಳುವಿನ ರಟ್ಟೆ ಬಿಟ್ಟಳು, ಹಗ್ಗ ಹಾರಿತು. ಸಾಹೇಬರು ದಂಡೆಗೆ ಬಂದು, ಹೊಳೆವ್ವನ ಕಂಬಳಿ ಹೊದ್ದು, ಹಲ್ಲು ಕಟಕಟಿಸುತ್ತಲೇ ಹೇಳಿ ಬರೆಸಿದರು: ಸೂಚನೆಯು ಪೂರ್ಣ ಪೈಕಿಯೊಂದಿಗೆ ಸಂಬಂಧಪಟ್ಟವರಿಗೆ ಸಕಾಲದಲ್ಲಿ ಮುಟ್ಟಿದೆ, ವ್ಯವಸ್ಥೆ ತೃಪ್ತಿಕರ. ಪರಮೇಶ ಅದನ್ನು ಅಕ್ಷರ ಬಿಡದೆ ಬರೆದುಕೊಂಡ. ಹೊಳೆವ್ವ ಬುತ್ತಿ ಬಿಚ್ಚಿ, ಯಾರನ್ನೂ ಏನನ್ನೂ ಕೇಳದೆ, ಅವನ ಕೈಗೆ ಒಂದು ರೊಟ್ಟಿ ಇಟ್ಟಳು.